ಪದವಿಯ ಮೊದಲ ವರ್ಷವೇ ಮುಂದಿನ ಬಾಗಿಲು

ಎರಡು ವರ್ಷದ ಹಿಂದಿನ ಮಾತು. ಸವಣೂರು ತಾಲೂಕಿನ ಹಳ್ಳಿಯೊಂದರ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಒಂದು ಸಂಜೆ ಮನೆಗೆ ಬಂದ. ಕೈಯಲ್ಲಿ ಬಿ.ಎಸ್ಸಿ.ಯ ಆರು ಅಂಕಪಟ್ಟಿಗಳು. ಎಂ.ಬಿ.ಎ. ಸೇರಲು ಪ್ರವೇಶ ಪರೀಕ್ಷೆ ಬರೆದಿದ್ದ. ರ್‍ಯಾಂಕೂ ಚೆನ್ನಾಗಿಯೇ ಬಂದಿತ್ತು. “ರ್‍ಯಾಂಕ್ ಬಂದೈತ್ರಿ ಸರ್, ಆದ್ರ ಸೀಟು ಕೊಡಾಕ ಬರಂಗಿಲ್ಲಂತ” ಎಂದ. ಮೂರು ವರ್ಷದ ಒಟ್ಟು ಅಂಕ ಶೇ. 49.2. ಬೇಕಾದದ್ದು ಶೇ. 50. ಮೀಸಲಾತಿಯ ರಿಯಾಯಿತಿ ಅವನಿಗೆ ಇರಲಿಲ್ಲ.

ಅಂಕಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಕೊನೆಯ ಎರಡು ಸೆಮಿಸ್ಟರುಗಳಲ್ಲಿ ಹುಡುಗ ನಿಜಕ್ಕೂ ದುಡಿದಿದ್ದ. ಮುಳುಗಿಸಿದ್ದು ಮೊದಲ ಎರಡು. ಕಾರಣ ಕೇಳಿದಾಗ ತಲೆ ತಗ್ಗಿಸಿ ಹೇಳಿದ: “ಎಂಜಿನಿಯರಿಂಗ್ ಸಿಗಲಿಲ್ಲಂತ ಬ್ಯಾಸರ ಆಗಿತ್ರಿ. ಸುಮ್ಮನ ಕಾಲೇಜಿಗೆ ಹೋಗಿ ಬರ್ತಿದ್ದೆ.”

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಇಂಥ ಹುಡುಗ ಹುಡುಗಿಯರು ಎಷ್ಟೋ ಮಂದಿ. ಪಿಯುಸಿ ನಂತರ ವೈದ್ಯಕೀಯ, ಎಂಜಿನಿಯರಿಂಗ್ ಸಿಗದಿದ್ದರೆ ಎಲ್ಲ ಮುಗಿಯಿತೆಂದು ಮನೆಯವರೂ ತಿಳಿಯುತ್ತಾರೆ, ಮಕ್ಕಳೂ ತಿಳಿಯುತ್ತಾರೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಂದರೆ ಉಳಿದವರು ಹೋಗುವ ದಾರಿ ಎಂಬ ಭಾವನೆ. ಆದರೆ ಕಾನೂನು, ಆಡಳಿತ ನಿರ್ವಹಣೆ, ಕಂಪ್ಯೂಟರ್, ಶಿಕ್ಷಕ ವೃತ್ತಿ ಇವುಗಳ ಬಾಗಿಲು ಪದವಿಯ ಆಚೆಗೂ ಇದೆ. ಅದರ ಬೀಗದ ಕೈ ಮಾತ್ರ ಪದವಿಯ ಮೊದಲ ವರ್ಷದಲ್ಲೇ ಸಿದ್ಧವಾಗುತ್ತದೆ.

ಒಂದು ಸರಳ ಲೆಕ್ಕ

2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ ಸರಕಾರ 2024-25ರಿಂದ ಕೈಬಿಟ್ಟಿದೆ. ಈಗ ಮತ್ತೆ ಮೂರು ವರ್ಷ, ಆರು ಸೆಮಿಸ್ಟರು. ಎಲ್ಲ ಸೆಮಿಸ್ಟರುಗಳ ಗರಿಷ್ಠ ಅಂಕ ಒಂದೇ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಶೇ. 40, ಎರಡನೆಯ ವರ್ಷ ಶೇ. 48 ಬಂದರೆ, ಒಟ್ಟು ಶೇ. 50 ಮುಟ್ಟಲು ಮೂರನೆಯ ವರ್ಷ ಶೇ. 62 ತೆಗೆಯಬೇಕು. ಪಾಠಗಳು ಕಠಿಣವಾಗುವುದೂ, ಪ್ರವೇಶ ಪರೀಕ್ಷೆಗೆ ಓದಬೇಕಾದದ್ದೂ ಅದೇ ವರ್ಷ. ಮೊದಲ ವರ್ಷದಲ್ಲಿ ಶೇ. 55 ಗಳಿಸಿದವನ ಮೇಲೆ ಈ ಭಾರವೇ ಇಲ್ಲ.

ಯಾವ ಬಾಗಿಲಿಗೆ ಏನು ಬೇಕು?

ಎಂ.ಬಿ.ಎ.: ಯಾವುದೇ ವಿಷಯದ ಪದವಿ ಸಾಕು. ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ. 45 ಅಂಕ ಬೇಕು. ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿಜಿಸಿಇಟಿ ನಡೆಸುತ್ತದೆ. ಐಐಎಂಗಳಿಗೆ ಕ್ಯಾಟ್ ಪರೀಕ್ಷೆ. ಅದು ನಡೆಯುವುದು ನವೆಂಬರಿನಲ್ಲಿ. ಅಂದರೆ ಕೊನೆಯ ಸೆಮಿಸ್ಟರು ಆರಂಭವಾಗುವ ಮೊದಲೇ ತಯಾರಿ ಮುಗಿದಿರಬೇಕು.

ಎಂ.ಸಿ.ಎ.: ಇದಕ್ಕೂ ಪಿಜಿಸಿಇಟಿ. ಗಣಿತ ಓದದವರ ವಿಷಯದಲ್ಲಿ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಬದಲಾಗಿವೆ. ಆದ್ದರಿಂದ ಅಣ್ಣನ ಕಾಲದ ನಿಯಮ ನಂಬದೆ ಆಯಾ ವರ್ಷದ ಮಾಹಿತಿ ಪುಸ್ತಿಕೆ ಓದಿರಿ. ಅವಕಾಶವಿದ್ದರೆ ಗಣಿತ ಬಿಡಬೇಡಿರಿ.

ಕಾನೂನು: ಪದವೀಧರರಿಗೆ ಮೂರು ವರ್ಷದ ಎಲ್‌ಎಲ್.ಬಿ. ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಕನಿಷ್ಠ ಅಂಕ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದು ನಮ್ಮ ಹುಬ್ಬಳ್ಳಿಯಲ್ಲೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಕೂಡ 2022ರಿಂದ ಮೂರು ವರ್ಷದ ಎಲ್‌ಎಲ್.ಬಿ. ನಡೆಸುತ್ತಿದೆ; ಅದಕ್ಕೆ ಅದರದೇ ಪ್ರವೇಶ ಪರೀಕ್ಷೆ.

ಬಿ.ಇಡಿ.: ನಾನು ಹೋದ ದಾರಿ. 2015ರಿಂದ ಇದು ಎರಡು ವರ್ಷದ ಶಿಕ್ಷಣ. ಪದವಿಯಲ್ಲಿ ಓದಿದ ವಿಷಯಗಳೇ ಮುಂದೆ ಕಲಿಸುವ ವಿಷಯಗಳಾಗುವುದರಿಂದ ವಿಷಯಗಳ ಆಯ್ಕೆಯಲ್ಲಿ ಎಚ್ಚರ ಬೇಕು.

ದಿನಕ್ಕೆ ಒಂದು ತಾಸು

ಕೋಚಿಂಗಿಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗದೆ ಆಗುವುದಿಲ್ಲವೆಂಬ ಹೆದರಿಕೆ ಬೇಡ. ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಶೇಕಡಾವಾರು, ಅನುಪಾತ, ಸರಾಸರಿ, ಲಾಭ-ನಷ್ಟ, ಕಾಲ-ವೇಗ ಇವೇ ಹೆಚ್ಚು. ಬಹುಪಾಲು ನಾವು ಪ್ರೌಢಶಾಲೆಯಲ್ಲಿ ಕಲಿಸಿದ್ದೇ. ಮನೆಯಲ್ಲಿ ತಮ್ಮನದೋ ತಂಗಿಯದೋ ಪಠ್ಯಪುಸ್ತಕ ಇದ್ದರೆ ಅಲ್ಲಿಂದಲೇ ಆರಂಭಿಸಬಹುದು. ಮೊದಲು ಸರಿಯಾಗಿ ಬಿಡಿಸಿ. ವೇಗ ಆಮೇಲೆ ಬರುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ತೊಡಕು ಇಂಗ್ಲಿಷು. ಇದು ಮೂರು ತಿಂಗಳಲ್ಲಿ ಬರುವುದಿಲ್ಲ, ಮೂರು ವರ್ಷದಲ್ಲಿ ಖಂಡಿತ ಬರುತ್ತದೆ. ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ಓದಿರಿ. ತಿಳಿಯದ ಐದು ಶಬ್ದಗಳನ್ನು ಬರೆದುಕೊಂಡು, ಓದಿದ್ದರ ಸಾರಾಂಶವನ್ನು ನಾಲ್ಕು ಸಾಲಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಹಳ್ಳಿಯಿಂದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಕಾಯುವ ಹೊತ್ತೇ ಸಾಕಷ್ಟು ಸಿಗುತ್ತದೆ. ಆ ಹೊತ್ತನ್ನು ಮೊಬೈಲಿಗೆ ಕೊಡುವುದೋ ಪುಸ್ತಕಕ್ಕೆ ಕೊಡುವುದೋ ನಿಮ್ಮ ಕೈಯಲ್ಲಿದೆ.

ಎರಡನೆಯ ವರ್ಷದ ರಜೆಯಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿರಿ. ಕ್ಯಾಟ್‌ನಂಥ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಬಿಡುವುದೂ ಅಲ್ಲಿ ಒಂದು ವಿದ್ಯೆ.

ಪಾಲಕರಿಗೆ ಎರಡು ಮಾತು

“ಅವನಿಗೆ ಏನೂ ಸಿಗಲಿಲ್ಲ, ಬಿ.ಎ.ಗೆ ಹಾಕೀವಿ” ಎಂದು ಬಂದವರ ಮುಂದೆ ಹೇಳಬೇಡಿರಿ. ಆ ಮಾತು ಮಗನ ಕಿವಿಯಲ್ಲಿ ಮೂರು ವರ್ಷ ಉಳಿಯುತ್ತದೆ. ಮಗಳ ಪದವಿಯನ್ನು ಮದುವೆ ಕೂಡಿಬರುವ ತನಕದ ಕಾಲಹರಣವೆಂದೂ ತಿಳಿಯಬೇಡಿರಿ. ಅವಳ ಅಂಕಪಟ್ಟಿಗೂ ಅದೇ ಬಾಗಿಲುಗಳು ತೆರೆಯುತ್ತವೆ. ಇನ್ನು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ಕೊನೆಯ ವಾರದಲ್ಲಿ ನಾಡಕಚೇರಿಗೆ ಓಡುವ ಬದಲು ಮೊದಲೇ ಮಾಡಿಸಿಡಿ. ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿರಿ.

ನಮ್ಮ ಭಾಗಕ್ಕೆ ಈ ದಾರಿ ಹೊಸದೇನಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಮುಂದೆ ಆಕ್ಸ್‌ಫರ್ಡಿಗೆ ಹೋದವರು. ನಮ್ಮ ಜಿಲ್ಲೆಯವರೇ ಆದ ಪಾಟೀಲ ಪುಟ್ಟಪ್ಪನವರು ಬೆಳಗಾವಿಯಲ್ಲಿ ಕಾನೂನು ಓದಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಕಲಿತು ಬಂದರು. ಇಬ್ಬರ ಮುಂದಿನ ಓದಿಗೂ ಮೆಟ್ಟಿಲಾದದ್ದು ಪದವಿಯೇ.

ಆ ಸವಣೂರು ಕಡೆಯ ಹುಡುಗನ ಸುದ್ದಿ ಹೇಳಿ ಮುಗಿಸುತ್ತೇನೆ. ಎಂ.ಬಿ.ಎ.ಗೆ ಸಾಲದ ಶೇ. 49.2 ಕಾನೂನಿಗೆ ಸಾಕಾಯಿತು. ಈಗ ಎಲ್‌ಎಲ್.ಬಿ. ಎರಡನೆಯ ವರ್ಷ ಓದುತ್ತಿದ್ದಾನೆ. ಕಳೆದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದು ತೋರಿಸಿದ. ಪ್ರತಿ ಸೆಮಿಸ್ಟರಿನ ಅಂಕ, ಪಕ್ಕದಲ್ಲಿ ಸರಾಸರಿ. “ಈ ಸಲ ಮೊದಲನೇ ಸೆಮಿಸ್ಟರಿನಿಂದನ ಲೆಕ್ಕ ಇಟ್ಟೇನ್ರಿ ಸರ್” ಎಂದ.

ನೀವೂ ಅಂಥದೊಂದು ನೋಟ್‌ಬುಕ್ ಇಂದೇ ಕೊಳ್ಳಿರಿ.