ವಯನಾಡಿನ ಗುಂಡುಗಳು: ನಾವು ನಂಬಿದ್ದು, ನಡೆದದ್ದು

ಪೊಲೀಸ್ ಗುಂಡಿಗೆ ಯಾರೋ ಬಲಿಯಾದರು ಎಂಬ ಸುದ್ದಿ ಬಂದ ಕೂಡಲೇ ಕೆಲವು ಮಾತುಗಳು ಕೇಳಿಬರುತ್ತವೆ. ‘ಅವರೇ ಮೊದಲು ಹಾರಿಸಿದರಂತೆ’, ‘ತಪ್ಪು ಮಾಡದವರನ್ನು ಸುಮ್ಮನೆ ಹೊಡೀತಾರಾ?’, ‘ಹುಟ್ಟು, ಬಣ್ಣ ನೋಡಿ ಗುಂಡು ಹೊಡೆಯೋದೆಲ್ಲ ಅಮೆರಿಕದಲ್ಲಿ, ನಮ್ಮಲ್ಲಲ್ಲ’. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸಿಗುವ ಕೇರಳದ ವಯನಾಡಿನಲ್ಲಿ ಈ ಮಾತುಗಳೆಲ್ಲ ಒಂದೊಂದಾಗಿ ಸುಳ್ಳಾಗಿವೆ. 2011ರ ಜನಗಣತಿಯಂತೆ ಆ ಜಿಲ್ಲೆಯ ಸುಮಾರು 8.17 ಲಕ್ಷ ಜನರಲ್ಲಿ ಶೇ 18ಕ್ಕೂ ಹೆಚ್ಚು ಮಂದಿ ಆದಿವಾಸಿಗಳು: ಪಣಿಯರು, ಅಡಿಯರು, ಕುರಿಚ್ಯರು, ಮುಳ್ಳುಕುರುಮರು, ನಮ್ಮ ಜೇನುಕುರುಬರಿಗೆ ಹತ್ತಿರದವರಾದ ಕಾಟುನಾಯಕರು. ಹಾಗಾಗಿ ಇದು ಗಡಿಯಾಚೆಯ ಕಥೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ತಪ್ಪು ಕಲ್ಪನೆ: ಪೊಲೀಸರು ‘ಎನ್‌ಕೌಂಟರ್’ ಎಂದರೆ ನಡೆದದ್ದೂ ಅದೇ

1970ರ ಫೆಬ್ರವರಿ 18ರಂದು ತಿರುನೆಲ್ಲಿಯ ಕಾಡಿನಲ್ಲಿ ನಕ್ಸಲ್ ನಾಯಕ ಎ. ವರ್ಗೀಸ್ ಸತ್ತರು. ಗುಂಡಿನ ಚಕಮಕಿಯಲ್ಲಿ ಸತ್ತರು ಎಂದು ಪೊಲೀಸರು ಹೇಳಿದರು, ಪತ್ರಿಕೆಗಳೂ ಹಾಗೆಯೇ ಬರೆದವು.

ವರ್ಗೀಸ್ ಆದಿವಾಸಿಯಲ್ಲ, ವಯನಾಡಿಗೆ ವಲಸೆ ಬಂದ ಕ್ರೈಸ್ತ ಕೃಷಿಕ ಕುಟುಂಬದವರು. ಆದರೆ ಅವರು ನಿಂತದ್ದು ಪಣಿಯರ, ಅಡಿಯರ ಜೊತೆ. ಆ ಕಾಲದ ವಯನಾಡು ಹೇಗಿತ್ತು ಎಂಬುದಕ್ಕೆ ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವು ದೇವಿಯ ಜಾತ್ರೆಯೊಂದನ್ನು ನೋಡಿದರೆ ಸಾಕು. ಜಮೀನುದಾರರು ಅಲ್ಲಿ ಆದಿವಾಸಿ ಆಳುಗಳ ಕೈಗೆ ಒಂದಿಷ್ಟು ಮುಂಗಡ ಹಣ ಕೊಡುತ್ತಿದ್ದರು. ದೇವಿಯ ಎದುರು ಹಣ ಹಿಡಿದವನು ಮುಂದಿನ ಜಾತ್ರೆಯವರೆಗೆ ಹೆಂಡತಿ ಮಕ್ಕಳ ಸಮೇತ ಆ ಧಣಿಯ ಗದ್ದೆಗೇ ಕಟ್ಟುಬಿದ್ದ ಹಾಗೆ. ಇಂಥ ಜೀತದ ವಿರುದ್ಧ, ಕೂಲಿಗಾಗಿ ಸಂಘಟನೆ ಕಟ್ಟಿದ್ದರಿಂದಲೇ ವರ್ಗೀಸ್ ಅಡಿಯರ ಪಾಲಿಗೆ ‘ಪೆರುಮನ್’ (ನಾಯಕ) ಆದರು. ಅವರು ಆಮೇಲೆ ಹಿಡಿದ ಶಸ್ತ್ರದ ದಾರಿಯನ್ನು ನಾನು ಒಪ್ಪುವುದಿಲ್ಲ. 1968ರಲ್ಲಿ ಪುಲ್ಪಳ್ಳಿಯ ಪೊಲೀಸ್ ಶಿಬಿರದ ಮೇಲೆ ನಡೆದ ದಾಳಿಯಲ್ಲಿ ಅವರ ಪಾತ್ರವಿತ್ತು. ಆದರೆ ಅದನ್ನು ವಿಚಾರಿಸಬೇಕಾಗಿದ್ದುದು ಕೋರ್ಟು.

ಪೊಲೀಸರ ಹೇಳಿಕೆ 28 ವರ್ಷ ಅಲುಗಾಡದೆ ನಿಂತಿತು. 1998ರಲ್ಲಿ ಪಿ. ರಾಮಚಂದ್ರನ್ ನಾಯರ್ ಎಂಬ ಮಾಜಿ ಕಾನ್‌ಸ್ಟೆಬಲ್ ಬಾಯಿಬಿಟ್ಟರು: ಚಕಮಕಿ ನಡೆದೇ ಇರಲಿಲ್ಲ, ವರ್ಗೀಸ್ ಜೀವಂತ ಸೆರೆಸಿಕ್ಕಿದ್ದರು, ಮೇಲಧಿಕಾರಿಯ ಆದೇಶದಂತೆ ಗುಂಡು ಹೊಡೆದವನು ನಾನೇ. ಕೇರಳ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಮೊದಲ ಆರೋಪಿಯಾಗಿದ್ದ ರಾಮಚಂದ್ರನ್ ನಾಯರ್ ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು. 2010ರ ಅಕ್ಟೋಬರ್‌ನಲ್ಲಿ ಕೊಚ್ಚಿಯ ಸಿಬಿಐ ವಿಶೇಷ ನ್ಯಾಯಾಲಯ ಆ ಆದೇಶ ಕೊಟ್ಟ ಆರೋಪ ಹೊತ್ತಿದ್ದ ನಿವೃತ್ತ ಐಜಿ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇನ್ನೊಬ್ಬ ನಿವೃತ್ತ ಅಧಿಕಾರಿ ಸಂಶಯದ ಲಾಭ ಪಡೆದು ಬಿಡುಗಡೆಯಾದರು. 2021ರಲ್ಲಿ ಕೇರಳ ಸರ್ಕಾರ ವರ್ಗೀಸರ ಒಡಹುಟ್ಟಿದವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ನಿರ್ಧರಿಸಿತು.

ಗುಂಡು ಹಾರಿದ ದಿನದಿಂದ ತೀರ್ಪಿನವರೆಗೆ 40 ವರ್ಷ. ಅದೂ ಒಬ್ಬ ಪೇದೆಯ ಮನಸ್ಸು ತಡೆಯಲಾರದೆ ಹೋದದ್ದರಿಂದ. ಅವರು ಸುಮ್ಮನಿದ್ದಿದ್ದರೆ ಇಂದಿಗೂ ನಾವು ಅದನ್ನು ಎನ್‌ಕೌಂಟರ್ ಎಂದೇ ಕರೆಯುತ್ತಿದ್ದೆವು. ಅಮೆರಿಕದ ಷಿಕಾಗೊದಲ್ಲಿ 2014ರಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಕಪ್ಪು ಹುಡುಗನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಂದಾಗಲೂ ‘ಮೈಮೇಲೆ ಏರಿಬಂದ’ ಎಂದೇ ವರದಿ ಬರೆದಿದ್ದರು. ಒಂದು ವರ್ಷದ ಮೇಲೆ ಹೊರಬಂದ ಪೊಲೀಸ್ ವಾಹನದ ವಿಡಿಯೊದಲ್ಲಿ ಹುಡುಗ ದೂರ ಸರಿದು ನಡೆಯುತ್ತಿದ್ದ. 2018ರಲ್ಲಿ ಆ ಪೊಲೀಸ್ ಕೊಲೆ ಅಪರಾಧಿಯಾದ. ಅಲ್ಲಿ ಸತ್ಯ ಹೇಳಲು ಕ್ಯಾಮೆರಾ ಇತ್ತು. ತಿರುನೆಲ್ಲಿಯ ಕಾಡಿನಲ್ಲಿ ಇದ್ದದ್ದು ಕಣ್ಣಾರೆ ಕಂಡ ಪೊಲೀಸರು ಮಾತ್ರ.

ತಪ್ಪು ಕಲ್ಪನೆ: ಅಪರಾಧಿಯನ್ನು ಕೊಲ್ಲುವ ಅಧಿಕಾರ ಪೊಲೀಸರಿಗೆ ಕಾನೂನಿನಲ್ಲೇ ಇದೆ

ಇಲ್ಲ. ಬಂಧಿಸಲು ಹೋದಾಗ ಪ್ರತಿರೋಧ ಬಂದರೆ ಅಗತ್ಯವಿರುವಷ್ಟು ಬಲ ಬಳಸಬಹುದು, ಅಷ್ಟೇ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕು ಬಂಧನದ ಹೆಸರಿನಲ್ಲಿ ಯಾರಿಗೂ ಇಲ್ಲ. ಹಿಂದಿನ ಸಿಆರ್‌ಪಿಸಿಯ 46ನೇ ಕಲಮಿನಲ್ಲಿದ್ದ ಈ ಮಾತು ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 43ನೇ ಕಲಮಿನಲ್ಲಿದೆ. ಉಳಿದದ್ದು ಆತ್ಮರಕ್ಷಣೆ. ಅದು ನನಗೂ ನಿಮಗೂ ಪೊಲೀಸರಿಗೂ ಇರುವ ಹಕ್ಕು. ಆದರೆ ಪ್ರಾಣಕ್ಕೆ ಅಪಾಯವಿತ್ತು ಎಂಬುದನ್ನು ತೋರಿಸಿಕೊಡಬೇಕು.

ತಪ್ಪು ಕಲ್ಪನೆ: ಮ್ಯಾಜಿಸ್ಟ್ರೇಟ್ ತನಿಖೆ ಆಯಿತಲ್ಲ, ಇನ್ನೇನು?

2019ರ ಮಾರ್ಚ್ 6ರ ರಾತ್ರಿ ವೈತ್ತಿರಿ ಬಳಿಯ ರೆಸಾರ್ಟ್ ಒಂದರಲ್ಲಿ ಮಾವೋವಾದಿ ಸಿ.ಪಿ. ಜಲೀಲ್ ಪೊಲೀಸರ ಗುಂಡಿಗೆ ಬಲಿಯಾದರು. ಅವರೇ ಮೊದಲು ಹಾರಿಸಿದರು ಎಂಬುದು ಪೊಲೀಸರ ವಿವರಣೆ. ಮ್ಯಾಜಿಸ್ಟ್ರೇಟ್ ತನಿಖೆ ಪೊಲೀಸರಲ್ಲಿ ತಪ್ಪು ಕಾಣಲಿಲ್ಲ. ಆದರೆ ಜಲೀಲ್ ಬಳಿ ಸಿಕ್ಕಿತೆನ್ನಲಾದ ಬಂದೂಕಿನಿಂದ ಗುಂಡು ಹಾರಿರಲಿಲ್ಲ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿದ್ದು 2020ರಲ್ಲಿ ಹೊರಬಂತು. ಅದೇ ವರ್ಷ ನವೆಂಬರ್ 3ರಂದು ಪಡಿಞ್ಞಾರತ್ತರ ಸಮೀಪದ ಕಾಡಿನಲ್ಲಿ ಇನ್ನೊಬ್ಬ ಮಾವೋವಾದಿ ವೇಲ್‌ಮುರುಗನ್ ಹತರಾದರು. ಆಗಲೂ ಕೇಳಿಬಂದದ್ದು ಅದೇ ವಿವರಣೆ.

ಮ್ಯಾಜಿಸ್ಟ್ರೇಟ್ ತನಿಖೆ ಸಾವಿನ ಕಾರಣ ತಿಳಿಯುವ ಪ್ರಾಥಮಿಕ ಕ್ರಮ. ಅದು ಅಪರಾಧದ ತನಿಖೆಗೆ ಸಮವಲ್ಲ. ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ 16 ಸೂಚನೆಗಳನ್ನು ಕೊಟ್ಟಿದೆ. ಪೊಲೀಸ್ ಗುಂಡಿಗೆ ಸಾವಾದರೆ ಎಫ್‌ಐಆರ್ ದಾಖಲಾಗಲೇಬೇಕು. ಕಾರ್ಯಾಚರಣೆ ನಡೆಸಿದವರಲ್ಲ, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು. ಇಬ್ಬರು ವೈದ್ಯರು ಶವಪರೀಕ್ಷೆ ನಡೆಸಬೇಕು, ಅದರ ಚಿತ್ರೀಕರಣವಾಗಬೇಕು. ಪೊಲೀಸರು ತಮ್ಮ ಬಂದೂಕುಗಳನ್ನು ಪರೀಕ್ಷೆಗೆ ಒಪ್ಪಿಸಬೇಕು. ಘಟನೆ ನಡೆದ ತಕ್ಷಣ ಯಾರಿಗೂ ಬಡ್ತಿಯಾಗಲಿ ಶೌರ್ಯ ಪದಕವಾಗಲಿ ಕೊಡಬಾರದು. ಸಂವಿಧಾನದ 141ನೇ ವಿಧಿಯ ಪ್ರಕಾರ ಇದು ದೇಶದ ಕಾನೂನು. ಸಲಹೆ ಎಂದುಕೊಂಡು ಬದಿಗಿಡುವಂತಿಲ್ಲ.

ತಪ್ಪು ಕಲ್ಪನೆ: ಹುಟ್ಟು ನೋಡಿ ಅನುಮಾನಿಸುವುದು ನಮ್ಮಲ್ಲಿಲ್ಲ

ವಯನಾಡಿನ ಮುತ್ತಂಗದ ವಿಷಯ ಬಂದಾಗಲೆಲ್ಲ ನನಗೆ ಸಂಕಟವಾಗುವುದು ಈ ಮಾತು ಕೇಳಿಯೇ. 2001ರಲ್ಲಿ ಆದಿವಾಸಿ ನಾಯಕಿ ಸಿ.ಕೆ. ಜಾನು ಅವರ ಮುಂದಾಳತ್ವದಲ್ಲಿ ಆದಿವಾಸಿಗಳು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಗುಡಿಸಲು ಕಟ್ಟಿ ಕೂತರು. 48 ದಿನದ ಮೇಲೆ, ಅಕ್ಟೋಬರ್ 16ರಂದು, ಎ.ಕೆ. ಆಂಟನಿ ಸರ್ಕಾರ ಒಪ್ಪಂದಕ್ಕೆ ಬಂತು: ನೆಲವಿಲ್ಲದ ಪ್ರತಿ ಆದಿವಾಸಿ ಕುಟುಂಬಕ್ಕೆ ಒಂದರಿಂದ ಐದು ಎಕರೆ. ಕೊಟ್ಟ ಮಾತು ಕಾಗದದಲ್ಲೇ ಉಳಿಯಿತು. 2003ರ ಜನವರಿಯಲ್ಲಿ ನೂರಾರು ಕುಟುಂಬಗಳು ಮುತ್ತಂಗದ ನೀಲಗಿರಿ ತೋಪುಗಳ ನಡುವೆ ಗುಡಿಸಲು ಹಾಕಿದವು. ಫೆಬ್ರವರಿ 19ರಂದು ಪೊಲೀಸರು ನುಗ್ಗಿದರು. ಗುಂಡಿಗೆ ಜೋಗಿ ಎಂಬ ಆದಿವಾಸಿ ಸತ್ತರು. ಘರ್ಷಣೆಯಲ್ಲಿ ವಿನೋದ್ ಎಂಬ ಪೊಲೀಸರೂ ಸತ್ತರು.

ಅದರ ನಂತರದ್ದು ಇನ್ನೂ ಕೆಟ್ಟದ್ದು. ಜಾನು ಮತ್ತು ಹೋರಾಟದ ಇನ್ನೊಬ್ಬ ಮುಂದಾಳು ಎಂ. ಗೀತಾನಂದನ್ ಸೆರೆಯಾದರು. ಹೊಡೆತದಿಂದ ಊದಿಕೊಂಡ ಜಾನು ಅವರ ಮುಖದ ಚಿತ್ರ ಪತ್ರಿಕೆಗಳಲ್ಲಿ ಬಂತು. ಸುಲ್ತಾನ್ ಬತ್ತೇರಿಯ ಶಿಕ್ಷಕರ ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರೊಬ್ಬರನ್ನು ಹೋರಾಟಕ್ಕೆ ಕುಮ್ಮಕ್ಕು ಕೊಟ್ಟರೆಂದು ಹಿಡಿದು ಕಿವಿಯ ತಮಟೆ ಒಡೆಯುವ ಹಾಗೆ ಬಡಿದಿದ್ದರು. ಅವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಅಲ್ಲಿನ ಕೋರ್ಟ್ ಹೇಳಿದ್ದು 2021ರ ಜನವರಿಯಲ್ಲಿ. ಮುತ್ತಂಗದ ಕೇಸುಗಳಿಗಾಗಿ ಆದಿವಾಸಿಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಸರ್ಕಾರ ಮಾತು ತಪ್ಪಿದ್ದಕ್ಕೆ ಯಾರ ಮೇಲೂ ಕೇಸಿಲ್ಲ.

ಹುಟ್ಟಿನ ಮೇಲೆ ಅನುಮಾನ ಪಡುವುದು ಹೊಸದಲ್ಲ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟು ಎಂದು ಪಟ್ಟಿ ಮಾಡಿದರು. 1952ರಲ್ಲಿ ಆ ಕಾನೂನು ಹೋಯಿತು, ಅನುಮಾನ ಉಳಿಯಿತು. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಹಲವು ರಾಜ್ಯಗಳ ಪೊಲೀಸರನ್ನೇ ಮಾತಾಡಿಸಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಂದಿ, ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆ ವಾಲುತ್ತಾರೆ ಎಂದು ಒಂದಲ್ಲ ಒಂದು ಮಟ್ಟದಲ್ಲಿ ಒಪ್ಪಿದ್ದರು. ಹುಟ್ಟಿನಿಂದಲೇ ಅಪರಾಧಿ ಎಂದು ನಂಬಿದವನ ಕೈಯಲ್ಲಿ ಬಂದೂಕು ಇದ್ದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

2025ರ ಏಪ್ರಿಲ್ 1ರಂದು ಕಲ್ಪೆಟ್ಟ ಪೊಲೀಸ್ ಠಾಣೆಯ ಶೌಚಾಲಯದಲ್ಲಿ ಆದಿವಾಸಿ ಹುಡುಗನೊಬ್ಬನ ಶವ ಸಿಕ್ಕಿತು. ಕಾಣೆಯಾಗಿದ್ದ ಹುಡುಗಿಯೊಬ್ಬಳ ಜೊತೆ ಕೋಯಿಕ್ಕೋಡ್‌ನಲ್ಲಿ ಸಿಕ್ಕ ಅವನನ್ನು ಹಿಂದಿನ ರಾತ್ರಿ ಠಾಣೆಗೆ ಕರೆತಂದಿದ್ದರು. ದಾಖಲೆಗಳ ಪ್ರಕಾರ ಅವನಿಗೆ 18 ತುಂಬಿರಲಿಲ್ಲ. ಇಬ್ಬರು ಪೊಲೀಸರು ಅಮಾನತಾದರು. ಇಲ್ಲಿ ಗುಂಡು ಹಾರಿಲ್ಲ, ನಿಜ. ಆದರೆ 18 ತುಂಬದ ಹುಡುಗ ಠಾಣೆಯಲ್ಲಿ ರಾತ್ರಿ ಕಳೆಯಲೇಬಾರದಿತ್ತು.

ನಮ್ಮ ಕಡೆಯೂ ಬೇರೆಯಲ್ಲ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡು ರಾಜ್ಯಗಳ ವಿಶೇಷ ಪಡೆಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ ನಡೆಸಿದ ದೌರ್ಜನ್ಯವನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ಮಲೆಕುಡಿಯ ಸಮುದಾಯದ ನಕ್ಸಲ್ ನಾಯಕ ವಿಕ್ರಂ ಗೌಡ ನಕ್ಸಲ್ ನಿಗ್ರಹ ಪಡೆಯ (ಎಎನ್‌ಎಫ್) ಗುಂಡಿಗೆ ಬಲಿಯಾದಾಗ ಸ್ವತಂತ್ರ ತನಿಖೆ ಕೇಳಿದವರಿಗೆ ‘ನಕ್ಸಲನ ಪರ’ ಎಂಬ ಬೈಗುಳ ಸಿಕ್ಕಿತು.

ತಪ್ಪು ಕಲ್ಪನೆ: ಲೆಕ್ಕ ಕೇಳುವವರು ಪೊಲೀಸ್ ವಿರೋಧಿಗಳು

ತಿರುನೆಲ್ಲಿಯ ಸತ್ಯ ಹೇಳಿದವರು ಪೊಲೀಸ್ ಕೆಲಸದಲ್ಲಿದ್ದವರೇ. ಮುತ್ತಂಗದಲ್ಲಿ ಜೋಗಿಯ ಮನೆಯವರಿಗೆ ಎಷ್ಟು ಸತ್ಯ ಬೇಕೋ ವಿನೋದ್ ಮನೆಯವರಿಗೂ ಅಷ್ಟೇ ಬೇಕು. ನಿಜವಾಗಿ ಪ್ರಾಣಕ್ಕೆ ಹೆದರಿ ಗುಂಡು ಹಾರಿಸಿದ ಪೇದೆಯನ್ನು ಕಾಪಾಡುವುದೂ ಸ್ವತಂತ್ರ ತನಿಖೆಯೇ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದೆ ಎನ್‌ಕೌಂಟರ್ ಸುದ್ದಿ ಓದಿದಾಗ ಸತ್ತವನ ಜಾತಿ, ಪಕ್ಷ, ಹಳೆಯ ಕೇಸುಗಳ ಲೆಕ್ಕ ಹಾಕುವ ಮೊದಲು ಇಷ್ಟು ಕೇಳಿ: ಎಫ್‌ಐಆರ್ ಆಯಿತೇ? ತನಿಖೆ ಯಾರ ಕೈಯಲ್ಲಿದೆ? ಬಂದೂಕುಗಳ ಪರೀಕ್ಷಾ ವರದಿ ಬಂತೇ? ಉತ್ತರ ಬರುವವರೆಗೆ ನಿಮ್ಮೂರಿನ ಪತ್ರಿಕೆಗೆ, ನಿಮ್ಮ ಶಾಸಕರಿಗೆ ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿರಿ.