ಕಡಲ ತಳ ಘಟ್ಟದ ಮೇಲೆ: ಕಲ್ಲಿನ ವಯಸ್ಸು ಮತ್ತು ನಮ್ಮ ವಿಶ್ವಾಸ

ಕೋಡಿಯ ಕಿನಾರೆಯಲ್ಲಿ ನಿಂತಾಗ ಕಡಲು ಅನಾದಿ ಕಾಲದ್ದು, ಅದರ ತಳ ಇನ್ನೂ ಹಳೆಯದು ಎಂದು ನಮಗೆ ಅನಿಸುವುದು ಸಹಜ. ನಿಜ ಸಂಗತಿ ಬೇರೆ. ಇಂದಿನ ಮಹಾಸಾಗರಗಳ ತಳದ ಬಹುಪಾಲು ಕಲ್ಲು 20 ಕೋಟಿ ವರ್ಷಗಳಿಗಿಂತ ಈಚಿನದು. ಅದಕ್ಕಿಂತ ಹಳೆಯ ಕಡಲ ತಳವನ್ನು ನೆಲದ ಮೇಲೆಯೇ ಹುಡುಕಬೇಕು. "ಬೈಬಲಿನಲ್ಲಿ ಆರೇ ದಿನ ಎಂದಿದೆಯಲ್ಲ ಫಾದರ್, ಈ ಕೋಟಿ ವರ್ಷ ಎಲ್ಲಿಂದ ಬಂತು?" ಎಂದು ಕ್ರೈಸ್ತ ಶಿಕ್ಷಣದ ಮಕ್ಕಳು ಕೇಳುವುದುಂಟು. ಮೊದಲು ಕಲ್ಲಿನ ಸಂಗತಿ ತಿಳಿಯೋಣ.

ಸಾಗರದ ನಡುವೆ ಭೂಮಿಯ ಚಿಪ್ಪು ಬಿರಿದಲ್ಲಿ ಕರಗಿದ ಶಿಲಾರಸ ಮೇಲೇಳುತ್ತದೆ. ತಣ್ಣೀರು ತಾಗಿದೊಡನೆ ಹೊರಮೈ ಗಾಜಿನಂತೆ ಗಟ್ಟಿಯಾಗಿ, ಒಳಗಿನ ರಸ ಉಬ್ಬಿ, ದಿಂಬುಗಳನ್ನು ಒಟ್ಟಿದಂತೆ ಆಗುತ್ತದೆ. ಅದರಡಿಯಲ್ಲಿ ಬಿರುಕುಗಳಲ್ಲಿ ಹೆಪ್ಪುಗಟ್ಟಿದ ಕಲ್ಲು, ಇನ್ನೂ ಕೆಳಗೆ ನಿಧಾನವಾಗಿ ತಣಿದ ಗ್ಯಾಬ್ರೋ ಇರುತ್ತದೆ. ಈ ತಳ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಸರಿದು, ಕೊನೆಗೆ ಆಳ ಕಂದಕಗಳಲ್ಲಿ ಭೂಗರ್ಭಕ್ಕೆ ಮರಳುತ್ತದೆ. ಭೂಫಲಕಗಳು ಒಂದನ್ನೊಂದು ಒತ್ತಿದಾಗ ಅಪರೂಪಕ್ಕೆ ಒಂದು ತುಂಡು ನೆಲದ ಮೇಲೇರಿ ಉಳಿಯುತ್ತದೆ. ಅದನ್ನು ಓಫಿಯೋಲೈಟ್ ಎನ್ನುತ್ತಾರೆ. ಲಡಾಖಿನ ನಿಡಾರ್‌ನಲ್ಲಿ ಸುಮಾರು 14 ಕೋಟಿ ವರ್ಷ ಹಿಂದಿನ ಇಂಥ ಪದರಗಳಿವೆ.

ನಮ್ಮ ರಾಜ್ಯದಲ್ಲಿ ಚಿತ್ರದುರ್ಗದ ಸಮೀಪ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ದಿಂಬಿನಾಕಾರದ ಲಾವಾ ಇದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಿಂಬಿನ ಆಕಾರವೊಂದೇ ಸಾಗರ ತಳಕ್ಕೆ ಪೂರ್ಣ ಪುರಾವೆಯಲ್ಲ. ಲಾವಾ ನೀರಿನಡಿ ಉಕ್ಕಿತೆಂಬುದನ್ನಷ್ಟೇ ಅದು ತೋರಿಸುತ್ತದೆ. ಉಳಿದ ಪದರಗಳನ್ನೂ ಕಲ್ಲಿನ ರಾಸಾಯನಿಕ ಗುಣವನ್ನೂ ಪರೀಕ್ಷಿಸಬೇಕಾಗುತ್ತದೆ. ನಮಗೆಲ್ಲ ಪರಿಚಿತವಾದ ಮಲ್ಪೆಯ ಸೈಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳೂ ಲಾವಾವೇ. ಆದರೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಅವು ಉಕ್ಕಿದ್ದು ನೆಲದ ಮೇಲೆ. ಕಡಲ ನಡುವೆ ಇರುವುದು ನೆಲದ ಲಾವಾ, ಘಟ್ಟದ ಮೇಲಿರುವುದು ನೀರಿನಡಿಯ ಲಾವಾ!

ವಯಸ್ಸು ಎಣಿಸುವುದು ಹೇಗೆ? ಗ್ಯಾಬ್ರೋದಂಥ ಕಲ್ಲುಗಳಲ್ಲಿ ಕೆಲವೊಮ್ಮೆ ಜಿರ್ಕಾನ್ ಎಂಬ ಸಣ್ಣ ಹರಳುಗಳು ಸಿಗುತ್ತವೆ. ಹುಟ್ಟುವಾಗ ಅವು ಯುರೇನಿಯಂ ಸೇರಿಸಿಕೊಳ್ಳುತ್ತವೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತವೆ. ಮುಂದೆ ಯುರೇನಿಯಂ ನಿಶ್ಚಿತ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238ರ ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ. ಜಿರ್ಕಾನ್ ಸಿಗದ ಲಾವಾದಲ್ಲಿ ಸಮೇರಿಯಂ-ನಿಯೋಡಿಮಿಯಂ ಎಂಬ ಇನ್ನೊಂದು ಜೋಡಿಯನ್ನು ಬಳಸುತ್ತಾರೆ.

ಕಲ್ಲಿನ ಪದರಗಳಲ್ಲಿ ಕೆಳಗಿನದು ಮೊದಲು, ಮೇಲಿನದು ಅನಂತರ ಉಂಟಾಯಿತು ಎಂಬ ನಿಯಮವನ್ನು 1669ರಲ್ಲಿ ನಿರೂಪಿಸಿದವರು ನಿಕೊಲಾಸ್ ಸ್ಟೆನೊ. ಅವರು ಮುಂದೆ ಗುರುದೀಕ್ಷೆ ಪಡೆದು, 1677ರಲ್ಲಿ ಧರ್ಮಾಧ್ಯಕ್ಷರಾದರು. 1988ರಲ್ಲಿ ಎರಡನೇ ಜಾನ್ ಪೌಲ್ ಅವರನ್ನು ಪುನೀತರೆಂದು ಸಾರಿದರು. ಕಲ್ಲನ್ನು ಓದುವುದು ಅವರ ವಿಶ್ವಾಸಕ್ಕೆ ಅಡ್ಡಿಯಾಗಲಿಲ್ಲ.

ದೇವರು ನಮ್ಮ ರಕ್ಷಣೆಗಾಗಿ ತಿಳಿಸಲು ಬಯಸಿದ ಸತ್ಯವನ್ನು ಪವಿತ್ರ ಗ್ರಂಥ ತಪ್ಪಿಲ್ಲದೆ ಬೋಧಿಸುತ್ತದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕಲಿಸಿತು. ಆದಿಕಾಂಡದ ಮೊದಲ ಅಧ್ಯಾಯ ಕಲ್ಲಿನ ಜನನ ಪತ್ರವಲ್ಲ; ಕಡಲೂ ನೆಲವೂ ಯಾರ ಕೈಕೆಲಸ ಎಂದು ಅದು ಸಾರುತ್ತದೆ. ಹಾಗಾಗಿ ಪ್ರಶ್ನೆ ಕೇಳುವ ಮಗುವನ್ನು ಗದರಿಸಿ ಕೂರಿಸುವುದು ಬೇಡ. ಶಾಲೆಯಲ್ಲಿ ಕಲಿತದ್ದಕ್ಕೂ ಚರ್ಚಿನಲ್ಲಿ ಕಲಿತದ್ದಕ್ಕೂ ನಡುವೆ ಒಂದನ್ನು ಆರಿಸುವ ಸಂಕಟಕ್ಕೆ ಅದನ್ನು ದೂಡಿದರೆ, ನಾಳೆ ಅದು ಚರ್ಚನ್ನೇ ಬಿಟ್ಟೀತು. ಮುಂದಿನ ಬಾರಿ ಮಕ್ಕಳನ್ನು ಸೈಂಟ್ ಮೇರಿಸ್ ದ್ವೀಪಕ್ಕೆ ಕರೆದೊಯ್ದಾಗ ಆ ಕಲ್ಲಿನ ವಯಸ್ಸನ್ನೂ ಹೇಳೋಣ, ಅದನ್ನು ಸೃಷ್ಟಿಸಿದಾತನನ್ನೂ ಸ್ತುತಿಸೋಣ.