ರಕ್ತ ಪರೀಕ್ಷೆಗೆ ಹೊರಡುವ ಮುನ್ನ...

'ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಿ' ಎಂದು ವೈದ್ಯರು ಚೀಟಿ ಬರೆದುಕೊಡುತ್ತಾರೆ. ಬರಿಹೊಟ್ಟೆ ಎಂದರೆ ಎಷ್ಟು ಹೊತ್ತು, ನೀರು ಕುಡಿಯಬಹುದೇ, ನಿತ್ಯದ ಮಾತ್ರೆಯ ಗತಿ ಏನು ಎಂಬುದನ್ನು ಕೇಳಲು ಅನೇಕರಿಗೆ ಸಂಕೋಚ. 'ಕಾಫಿ ಮಾತ್ರ ಕುಡಿದೆ, ತಿಂಡಿ ತಿಂದಿಲ್ಲ' ಎಂದು ಸಮಾಧಾನ ಮಾಡಿಕೊಂಡು ಪ್ರಯೋಗಾಲಯಕ್ಕೆ ಹೋಗುವವರೂ ಇದ್ದಾರೆ. ಯಂತ್ರ ಎಷ್ಟೇ ನಿಖರವಾಗಿದ್ದರೂ ಆ ಕಾಫಿಯ ವಿಷಯ ಅದಕ್ಕೆ ತಿಳಿಯದು. ವರದಿಯಲ್ಲಿ ಸಕ್ಕರೆಯ ಅಂಕಿ ಏರಿದರೆ ಇಲ್ಲದ ರೋಗಕ್ಕೆ ಔಷಧ ಆರಂಭವಾಗಬಹುದು, ಅಥವಾ ಇರುವ ಔಷಧದ ಪ್ರಮಾಣ ಅನಗತ್ಯವಾಗಿ ಹೆಚ್ಚಬಹುದು. ಹೀಗಾಗಿ ಪರೀಕ್ಷೆಗೆ ಮುನ್ನ ಮಾಡಿಕೊಳ್ಳುವ ಸಿದ್ಧತೆಯೂ ಚಿಕಿತ್ಸೆಯ ಭಾಗವೇ ಆಗಿದೆ.

ಉಪವಾಸ ಯಾವುದಕ್ಕೆ?

ಎಲ್ಲ ರಕ್ತ ಪರೀಕ್ಷೆಗೂ ಉಪವಾಸ ಬೇಕಿಲ್ಲ. ಹಿಮೋಗ್ಲೋಬಿನ್ ಹಾಗೂ ರಕ್ತಕಣಗಳ ಎಣಿಕೆ, ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಅದರ ಅಗತ್ಯವಿರುವುದಿಲ್ಲ. ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಊಟವಾದ ಮೇಲೆ ಮಾಡಿಸಬಹುದು.

ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆಗಳ ಉಪವಾಸ ಕಡ್ಡಾಯ. ಕೊಲೆಸ್ಟ್ರಾಲ್ ಪರೀಕ್ಷೆಗೆ 9ರಿಂದ 12 ಗಂಟೆಗಳ ಉಪವಾಸ ಹೇಳುವುದು ಹಿಂದಿನಿಂದ ಬಂದ ರೂಢಿ. ಆದರೆ ಸಾಮಾನ್ಯ ತಪಾಸಣೆಗೆ ಅದು ಬೇಕಿಲ್ಲ ಎಂದು ಯುರೋಪಿನ ತಜ್ಞರು 2016ರಲ್ಲಿ ಸೂಚಿಸಿದರು. ಟ್ರೈಗ್ಲಿಸರೈಡ್ ತೀರಾ ಹೆಚ್ಚಿದ್ದರೆ ಉಪವಾಸದಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ತಮ್ಮ ವೈದ್ಯರ ಸೂಚನೆಯನ್ನೇ ಪಾಲಿಸುವುದು ಸೂಕ್ತ.

ಉಪವಾಸವೆಂದರೆ ನೀರನ್ನೂ ಬಿಡುವುದಲ್ಲ. ಸಾದಾ ನೀರು ಕುಡಿದರೆ ರಕ್ತನಾಳ ಸುಲಭವಾಗಿ ಸಿಗುತ್ತದೆ. ಆದರೆ ಕಾಫಿ, ಚಹಾ, ಹಾಲು, ಎಳನೀರು, ಹಣ್ಣಿನ ರಸ, ರಾಗಿ ಗಂಜಿ, ಎಲೆ-ಅಡಿಕೆ, ಬೀಡಿ-ಸಿಗರೇಟು ಇವೆಲ್ಲ ವರ್ಜ್ಯ. ಹಿಂದಿನ ದಿನ ಮದ್ಯ ಸೇವನೆ ಹಾಗೂ ಅತಿಯಾದ ವ್ಯಾಯಾಮ ಬೇಡ.

ಮಾತ್ರೆಗಳ ಬಗ್ಗೆ ಎಚ್ಚರ

ಮಧುಮೇಹಿಗಳು ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಆಹಾರವಿಲ್ಲದೆ ಸರದಿಯಲ್ಲಿ ಕಾದರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಬೆಳಗಿನ ಔಷಧ ಯಾವಾಗ ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ವೈದ್ಯರಲ್ಲಿ ಕೇಳಿಕೊಂಡು, ತಿಂಡಿಯನ್ನು ಜೊತೆಯಲ್ಲಿ ಒಯ್ಯಬೇಕು. ಕಾಯುವಾಗ ಬೆವರು, ನಡುಕ, ತಲೆಸುತ್ತು ಕಂಡುಬಂದರೆ ಪರೀಕ್ಷೆಯ ಚಿಂತೆ ಬಿಟ್ಟು ಕೂಡಲೇ ಸಿಹಿ ಸೇವಿಸಿ ಸಿಬ್ಬಂದಿಗೆ ತಿಳಿಸಬೇಕು.

ರಕ್ತದೊತ್ತಡ, ಹೃದ್ರೋಗ ಅಥವಾ ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ಪರೀಕ್ಷೆಯ ನೆಪದಲ್ಲಿ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಕೂದಲು, ಉಗುರಿನ ಆರೋಗ್ಯಕ್ಕೆಂದು ಸೇವಿಸುವ ಬಯೋಟಿನ್ ಮಾತ್ರೆಗಳು ಥೈರಾಯ್ಡ್ ಸೇರಿದಂತೆ ಕೆಲವು ಪರೀಕ್ಷೆಗಳ ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಕುರಿತು ಎಚ್ಚರಿಕೆ ನೀಡಿತ್ತು. ಸೇವಿಸುವ ಎಲ್ಲ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ರಕ್ತ ತೆಗೆಯುವಾಗ

ಸಿಬ್ಬಂದಿ ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಮಡಿಕೆಯ ಬಳಿ ಸ್ಪಿರಿಟ್ ಒರೆಸಿ ಸೂಜಿ ಚುಚ್ಚುತ್ತಾರೆ. ನೋವು ಕ್ಷಣಿಕ. ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡುವುದು ಸಲ್ಲ. ಇದರಿಂದ ಪೊಟ್ಯಾಸಿಯಂ ಅಂಶ ಹೆಚ್ಚಾಗಿ ಕಾಣಬಹುದು. ನೇರಳೆ, ಬೂದು, ಕೆಂಪು ಮುಚ್ಚಳದ ನಾಲ್ಕಾರು ಕೊಳವೆಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಒಂದೊಂದು ಪರೀಕ್ಷೆಗೂ ಬೇರೆ ರಾಸಾಯನಿಕವಿರುವ ಕೊಳವೆ ಬೇಕಾಗುತ್ತದೆ. ಒಂದು ಕೊಳವೆಗೆ ಹಿಡಿಯುವುದು ಕೆಲವೇ ಮಿಲಿಲೀಟರ್. ವಯಸ್ಕರ ದೇಹದಲ್ಲಿರುವ ರಕ್ತವೋ ಸುಮಾರು 5 ಲೀಟರ್.

ಹೊಸ ಸೂಜಿಯನ್ನು ನಿಮ್ಮೆದುರೇ ತೆರೆಯುತ್ತಾರೆಯೇ, ಕೊಳವೆಯ ಮೇಲೆ ನಿಮ್ಮ ಹೆಸರೇ ಇದೆಯೇ ಎಂಬುದನ್ನು ಗಮನಿಸಿ, ಕೇಳುವುದರಲ್ಲಿ ತಪ್ಪಿಲ್ಲ. ರಕ್ತ ಕಂಡರೆ ತಲೆ ಸುತ್ತುವವರು ಮೊದಲೇ ಹೇಳಿದರೆ ಮಲಗಿಸಿ ರಕ್ತ ತೆಗೆಯುತ್ತಾರೆ. ಬಳಿಕ ಹತ್ತಿಯನ್ನು ಕೆಲವು ನಿಮಿಷ ಒತ್ತಿ ಹಿಡಿಯಬೇಕು, ಉಜ್ಜಬಾರದು. ಚುಚ್ಚಿದ ಜಾಗ ತುಸು ನೀಲಿಗಟ್ಟಿದರೆ ಕೆಲವು ದಿನಗಳಲ್ಲಿ ಮಾಯುತ್ತದೆ.

ವರದಿ ಬಂದ ಮೇಲೆ

ದಪ್ಪಕ್ಷರದ ಅಂಕಿಗಳೆಲ್ಲ ರೋಗದ ಗುರುತಲ್ಲ. ವರದಿಯಲ್ಲಿ ನಮೂದಿಸುವ 'ಸಾಮಾನ್ಯ ಮಿತಿ'ಯನ್ನು ಹೆಚ್ಚಾಗಿ ಆರೋಗ್ಯವಂತರಲ್ಲಿ ಶೇ 95ರಷ್ಟು ಮಂದಿಯ ಫಲಿತಾಂಶ ಒಳಗೊಳ್ಳುವಂತೆ ನಿಗದಿ ಮಾಡಲಾಗಿರುತ್ತದೆ. ಅಂದರೆ ಆರೋಗ್ಯವಂತರಲ್ಲೂ ಕೆಲವರ ಅಂಕಿ ಅದರ ಆಚೆ ಬೀಳುತ್ತದೆ. ಬರಿಹೊಟ್ಟೆಯ ಸಕ್ಕರೆ ಪ್ರತಿ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಆದರೆ ರೋಗಲಕ್ಷಣಗಳಿಲ್ಲದವರಲ್ಲಿ ಮತ್ತೊಮ್ಮೆ ಪರೀಕ್ಷಿಸಿಯೇ ಅದನ್ನು ಖಚಿತಪಡಿಸುವುದು ವಾಡಿಕೆ.

ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ಏರಿಳಿತ ಅರಿಯಲು ವೈದ್ಯರಿಗೆ ಅನುಕೂಲ. ಅಕಸ್ಮಾತ್ ಬೆಳಿಗ್ಗೆ ಕಾಫಿ ಕುಡಿದಿದ್ದರೆ ಮುಚ್ಚಿಡದೆ ಹೇಳಿಬಿಡಿ. ಮರುದಿನ ಮತ್ತೆ ಬರಬೇಕಾದೀತು, ಅಷ್ಟೇ. ತಪ್ಪು ವರದಿಯನ್ನು ನಂಬಿ ತಿಂಗಳುಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ಅದು ಲೇಸು.